ಡಾಕ್ಟರನ್ನು ಕೇಳಿ: ನಿಲ್ಲದ ಗರ್ಭ, ವರ್ಣತಂತು, ಅಗ್ನಿಶಿಖೆ ಗೆಡ್ಡೆ

(ಕಾಸರಗೋಡು ಕಡೆಯವರ ಮೊಬೈಲ್ ಗುಂಪಿನ ಮಾತುಕತೆ. ಹೆಸರಿನ ಬದಲು ಅವರವರ ಊರು ಹಾಕಿದೆ.)

ಬದಿಯಡ್ಕ: ಡಾಕ್ಟ್ರೇ, ನಮಸ್ತೆ. ನನಗೆ ಮೂರು ಸಲ ಗರ್ಭ ನಿಲ್ಲಲಿಲ್ಲ. ಮೂರೂ ಮೂರನೇ ತಿಂಗಳೊಳಗೇ ಹೋದವು. ನನ್ನ ಟೆಸ್ಟೆಲ್ಲ ಸರಿ ಬಂದಿದೆ. ಇವರಿಗೂ ಪರೀಕ್ಷೆ ಬೇಕಾ? "ನಾನು ಗಟ್ಟಿಯಾಗಿದ್ದೇನಲ್ಲ" ಅಂತಾರೆ.

ಡಾಕ್ಟರ್: ಬೇಕು ತಂಗಿ, ಇಬ್ಬರಿಗೂ ಬೇಕು. ನಮ್ಮ ಜೀವಕೋಶದಲ್ಲಿ 46 ವರ್ಣತಂತುಗಳು (ಕ್ರೋಮೋಸೋಮ್, ವಂಶದ ಗುಣಗಳನ್ನು ಹೊತ್ತ ಎಳೆಗಳು), ಅಂದರೆ 23 ಜೋಡಿ. ಚರ್ಮ, ರಕ್ತದ ಕೋಶ ಒಂದು ಎರಡಾದಾಗ ಎರಡರಲ್ಲೂ 46 ಇರುತ್ತವೆ. ಇದು ಮೈಟೋಸಿಸ್. ಅಂಡ, ವೀರ್ಯಾಣು ಆಗುವುದು ಮಿಯೋಸಿಸ್‌ನಿಂದ. ಜೋಡಿಗಳು ಬೇರೆಯಾಗಿ 23 ಮಾತ್ರ ಉಳಿಯಬೇಕು. ಕೆಲವರಲ್ಲಿ ಒಂದು ವರ್ಣತಂತುವಿನ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಏನೂ ಕಳೆದುಹೋಗಿಲ್ಲವಾದ್ದರಿಂದ ಅವರು ಗಟ್ಟಿಯಾಗಿಯೇ ಇರುತ್ತಾರೆ. ಮೈಟೋಸಿಸ್‌ಗೆ ತೊಂದರೆಯಿಲ್ಲ, ಇದ್ದದ್ದರ ನಕಲು ಹಂಚಿದರಾಯಿತು. ಮಿಯೋಸಿಸ್‌ನಲ್ಲಿ ಜೋಡಿ ಕೂಡಬೇಕಲ್ಲ, ಎಡವಟ್ಟಾಗುವುದು ಅಲ್ಲಿ. ಒಂದು ತುಂಡು ಜಾಸ್ತಿ, ಇನ್ನೊಂದು ಕಮ್ಮಿಯಾದರೆ ಭ್ರೂಣ ಹೆಚ್ಚಾಗಿ ಉಳಿಯುವುದಿಲ್ಲ. ಇದು ಗಂಡನಲ್ಲೂ ಇರಬಹುದು, ನಿಮ್ಮಲ್ಲೂ ಇರಬಹುದು. ಯಾರ ತಪ್ಪೂ ಅಲ್ಲ. ಪರೀಕ್ಷೆಯ ಹೆಸರು ಕ್ಯಾರಿಯೋಟೈಪ್. ರಕ್ತದ ಬಿಳಿಕಣಗಳನ್ನು ಸುಮಾರು ಮೂರು ದಿನ ಬೆಳೆಸಿ, ಮೈಟೋಸಿಸ್ ಅರ್ಧದಲ್ಲಿ ನಿಲ್ಲಿಸಿ, ವರ್ಣತಂತುಗಳನ್ನು ಒಂದೊಂದಾಗಿ ನೋಡುತ್ತಾರೆ. ಹೀಗೆ ಅಂತ ಗೊತ್ತಾದರೂ ಧೈರ್ಯ ಬಿಡಬೇಡಿ. ಇಂಥ ಎಷ್ಟೋ ದಂಪತಿಗಳಿಗೆ ಆರೋಗ್ಯವಂತ ಮಕ್ಕಳಾಗಿದ್ದಾರೆ.

ಕುಂಬಳೆ: ಗಂಡೋ ಹೆಣ್ಣೋ ಅನ್ನುವುದು ತಾಯಿಯಿಂದಲಾ?

ಡಾಕ್ಟರ್: ಅಲ್ಲ. ವೀರ್ಯಾಣುವಿನಿಂದ. ನಿನ್ನೆಯೂ ಹೇಳಿದ್ದೇನೆ.

ಪೆರ್ಲ: ಅಗ್ನಿಶಿಖೆ ಬಳ್ಳಿಯ ಗೆಡ್ಡೆ ಅರೆದು ಕುಡಿದರೆ ಕ್ಯಾನ್ಸರ್ ಕರಗುತ್ತದೆ ಅಂತ ಮೇಲೆ ಫಾರ್ವರ್ಡ್ ಹಾಕಿದ್ದೇನೆ. ಮಾವನಿಗೆ ಕೊಡಬಹುದಾ?

ಡಾಕ್ಟರ್: ಕೊಡಲೇಬೇಡಿ. ಅದರಲ್ಲಿ ಕೊಲ್ಚಿಸಿನ್ ಅನ್ನುವ ವಿಷ ಇದೆ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೀಚೆ ಎಳೆಯುವ ಎಳೆಗಳನ್ನೇ ಅದು ಕಟ್ಟಲು ಬಿಡುವುದಿಲ್ಲ. ಕ್ಯಾನ್ಸರ್ ಕೋಶ ಯಾವುದು, ಕರುಳಿನ ಕೋಶ ಯಾವುದು ಅಂತ ನೋಡುವುದೂ ಇಲ್ಲ. ಮೊದಲು ವಾಂತಿ, ಭೇದಿ. ಆಮೇಲೆ ಎಲುಬಿನ ಮಜ್ಜೆ ಕೆಡುತ್ತದೆ. ಜನ ಸತ್ತಿದ್ದಾರೆ.

ಪೆರ್ಲ: ಹಿಂದಿನವರು ಇದನ್ನೇ ಮದ್ದು ಮಾಡುತ್ತಿರಲಿಲ್ಲವಾ?

ಮಂಜೇಶ್ವರ: ಅವರು ಮೊಬೈಲ್ ನೋಡಿ ಅರೆಯುತ್ತಿರಲಿಲ್ಲ ಭಾವ.

ಪೆರ್ಲ: ನಿಮ್ಮನ್ನು ಯಾರು ಕೇಳಿದ್ದು?

ಮುಳ್ಳೇರಿಯ: ಗರ್ಭ ನಿಲ್ಲದಿರುವುದು ಎಂಡೋಸಲ್ಫಾನ್ ಕೀಟನಾಶಕದಿಂದ ಅಲ್ವಾ ಡಾಕ್ಟ್ರೇ? 2000ದವರೆಗೂ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಹೊಡೆದರು.

ಮಂಜೇಶ್ವರ: ಎಲ್ಲದಕ್ಕೂ ಅದನ್ನೇ ತರಬೇಡಿ.

ಮುಳ್ಳೇರಿಯ: ನಿಮ್ಮ ಬಾವಿಗೆ ಬಿದ್ದಿರಲಿಲ್ಲ. ಅದಕ್ಕೇ ಈ ಮಾತು.

ಮಂಜೇಶ್ವರ: ಸುಮ್ನೆ ಜಗಳ ತೆಗೀಬೇಡಿ.

ಕುಂಬಳೆ: ತಾಯಿಯ ಪ್ರಾಯಕ್ಕೂ ಗರ್ಭ ನಿಲ್ಲದಿರುವುದಕ್ಕೂ ಸಂಬಂಧ ಇದೆಯಾ?

ಡಾಕ್ಟರ್: ಇದೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅಂಡದ ಮಿಯೋಸಿಸ್ ಶುರುವಾಗಿ ನಡುವೆ ನಿಂತಿರುತ್ತದೆ. ಪ್ರಾಯ ಹೆಚ್ಚಿದ ಹಾಗೆ ಜೋಡಿ ಸರಿಯಾಗಿ ಬಿಡಿಸಿಕೊಳ್ಳದಿರುವುದು ಜಾಸ್ತಿ.

ಬದಿಯಡ್ಕ: ಇವರೂ ಓದಿದರು ಡಾಕ್ಟ್ರೇ, ಒಪ್ಪಿದ್ದಾರೆ. ಎಲ್ಲಿ ಮಾಡಿಸುವುದು? ಎಷ್ಟಾಗುತ್ತದೆ?

ಡಾಕ್ಟರ್: ಮಂಗಳೂರಿಗೆ ಹೋಗಿ. ಹಳೆಯ ಸ್ಕ್ಯಾನ್, ರಿಪೋರ್ಟ್ ಎಲ್ಲ ಹಿಡಿದು ಇಬ್ಬರೂ ಒಟ್ಟಿಗೆ ಹೋಗಬೇಕು. ಪೆರ್ಲದವರೇ, ಆ ಫಾರ್ವರ್ಡ್ ಇನ್ನೂ ಇಲ್ಲೇ ಇದೆ. ಅಳಿಸಿ.