"ಏರ್ ಹಿಡಿದಿದೆ": ಎಂಜಿಬಿ ಕಾರಿನಲ್ಲಿ ಇದರ ಅರ್ಥ ಯಾವುದು?

ಟ್ರ್ಯಾಕ್ಟರು, ಡೀಸೆಲ್ ಪಂಪ್‌ಸೆಟ್ಟಿನ ಮಟ್ಟಿಗೆ "ಏರ್ ಹಿಡಿದಿದೆ" ಅಂದರೆ ಗೊಂದಲವಿಲ್ಲ. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದೆ, ಬ್ಲೀಡ್ ಸ್ಕ್ರೂ ಸಡಿಲಿಸಿ ಏರ್ ತೆಗೆಯಬೇಕು. ಹಳೆಯ ಪೆಟ್ರೋಲ್ ಕಾರಿಗೂ ಇದೇ ಮಾತು ಬಳಸಿದಾಗ ತೊಡಕು ಶುರು. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್‌ಡನ್ನಿನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಎಂಜಿಬಿಯನ್ನೇ ನೋಡಿ. ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರು (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ) ಇರುವ ಮಾದರಿಯಲ್ಲಿ ಈ ಒಂದು ಮಾತಿನಡಿ ಮೂರು ಬೇರೆ ಕಾಯಿಲೆಗಳಿವೆ.

ಮೊದಲನೆಯದು ನಿಜವಾಗಿಯೂ ಗಾಳಿ ಎಳೆಯುವುದು. ಕರೆಂಟಿನ ಪೆಟ್ರೋಲ್ ಪಂಪು ಹಿಂದಿನ ಬಲಚಕ್ರದ ಬಳಿ ಇರುತ್ತದೆ. ಇಗ್ನಿಶನ್ ಹಾಕಿದ ಕೂಡಲೇ ಟಕಟಕ ಬಡಿದು, ಕಾರ್ಬೊರೇಟರಿನ ಫ್ಲೋಟ್ ಬೌಲ್ (ಪೆಟ್ರೋಲು ನಿಲ್ಲುವ ಬಟ್ಟಲು) ತುಂಬಿದ ಮೇಲೆ ಸುಮ್ಮನಾಗಬೇಕು. ಟ್ಯಾಂಕಿನಲ್ಲಿ ಪೆಟ್ರೋಲಿದ್ದೂ, ಎಲ್ಲೂ ಸೋರದೆಯೂ ಒಂದೇ ಸಮ ವೇಗವಾಗಿ ಬಡಿಯುತ್ತಿದ್ದರೆ ಟ್ಯಾಂಕಿಗೂ ಪಂಪಿಗೂ ನಡುವಿನ ಜಾಯಿಂಟಿನ ಮೇಲೆ ಅನುಮಾನ. ಆ ಭಾಗ ಹೀರುವ ಕಡೆ, ಆದ್ದರಿಂದ ಸೀಳಿದ್ದರೂ ಪಂಪು ನಡೆಯುವಾಗ ಪೆಟ್ರೋಲು ತೊಟ್ಟಿಕ್ಕದೆ ಗಾಳಿ ಒಳಹೋಗಬಹುದು. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಕಾರ್ಬೊರೇಟರಿನ ಪೈಪು ಬಿಚ್ಚಿ ತುದಿಯನ್ನು ಬಾಟಲಿಯ ಪೆಟ್ರೋಲಿನೊಳಗೆ ಮುಳುಗಿಸಿ, ಇಗ್ನಿಶನ್ ಹಾಕಿ. ಗುಳ್ಳೆ ನಿಲ್ಲದೆ ಬಂದರೆ ಗಾಳಿಯೇ. ಗುಳ್ಳೆಯಿಲ್ಲದೆ ನಿಮಿಷಕ್ಕೆ ಸುಮಾರು ಒಂದು ಲೀಟರ್ ಬಂದರೆ ಪಂಪು, ಲೈನು ಎರಡೂ ಸರಿ.

ಎರಡನೆಯದು ಇದಕ್ಕೆ ತಿರುಗುಮುರುಗು: ಟ್ಯಾಂಕಿಗೆ ಗಾಳಿ ಸಿಗದಿರುವುದು. ಗಾಳಿಕಂಡಿ ಕಟ್ಟಿದರೆ ಒಳಗೆ ನಿರ್ವಾತವಾಗಿ ಪಂಪು ಎಳೆಯಲಾರದು. ಸ್ವಲ್ಪ ದೂರ ಓಡಿ ನಿಂತ ಕಾರಿನ ಮುಚ್ಚಳ ತೆರೆದಾಗ ಉಸ್ಸೆಂದು ಗಾಳಿ ಒಳನುಗ್ಗಿ, ಪಂಪು ಮತ್ತೆ ಚುರುಕಾದರೆ ಕಾರಣ ಅದೇ. ಇದನ್ನು "ಏರ್ ಹಿಡಿದಿದೆ" ಅನ್ನುವುದು ತಪ್ಪೇ ಸರಿ. "ಟ್ಯಾಂಕಿಗೆ ಏರ್ ಸಿಗ್ತಿಲ್ಲ" ಅಂದರೆ ಸಾಕು.

ಮೂರನೆಯದಕ್ಕೇ ಹೆಸರು ಬೇಕಾಗಿದೆ. ಈ ಎಂಜಿನ್ನಿನಲ್ಲಿ ಕಾರ್ಬೊರೇಟರುಗಳು ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಕೊಳವೆ) ಮೇಲುಗಡೆಯೇ ಕೂತಿವೆ. ಬಿಸಿ ಕಾರು ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಬೌಲಿನ ಪೆಟ್ರೋಲು ಕುದಿದು ಆವಿಯಾಗುತ್ತದೆ, ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಇಲ್ಲಿ ನೋಡಬೇಕಾದದ್ದು ಇವೆರಡರ ನಡುವಿನ ಹೀಟ್ ಶೀಲ್ಡು, ಅಂದರೆ ಬಿಸಿ ತಡೆಯುವ ತಗಡು. "ಏರ್ ಹಿಡಿದಿದೆ" ಅಂದುಬಿಟ್ಟರೆ ಮೆಕ್ಯಾನಿಕ್ ಹಿಂದೆ ಹೋಗಿ ಹೋಸ್ ಕ್ಲಿಪ್ಪು ಬಿಗಿಯುತ್ತಾನೆ, ಕಾಯಿಲೆ ಮುಂದೆಯೇ ಉಳಿಯುತ್ತದೆ.

ಇಂಗ್ಲಿಷಿನಲ್ಲಿ ವೇಪರ್ ಲಾಕ್ ಅನ್ನುವ ಈ ಮೂರನೆಯದಕ್ಕೆ "ಆವಿ ಕಟ್ಟಿದೆ" ಅನ್ನುವುದು ನನಗೆ ಒಪ್ಪುತ್ತದೆ. "ಆವಿತಡೆ" ಬರಿಯ ಪುಸ್ತಕದ ಮಾತು. ಹುಬ್ಬಳ್ಳಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಈ ಬಿಸಿಯ ತೊಂದರೆಗೆ ಬೇರೆ ಮಾತಿದೆಯೇ?