ಪದಚರ್ಚೆ: ‘ರೆಲಿಕ್ವರಿ ಪೆಂಡೆಂಟ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬಹುದು?

ಮಾನ್ಯರೇ,

ಇಂಗ್ಲೆಂಡಿನ ಹೊಲಗಳಲ್ಲಿ ಲೋಹಶೋಧಕ ಹಿಡಿದು ಹುಡುಕುವ ಹವ್ಯಾಸಿಗಳಿಗೆ ಸಿಗುವ ಮಧ್ಯಯುಗದ ಧಾರ್ಮಿಕ ಒಡವೆಗಳನ್ನು ಗುರುತಿಸುವ ಮತ್ತು ಅವುಗಳ ಕಾಲವನ್ನು ನಿರ್ಣಯಿಸುವ ಬಗೆ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದು ಚಿತ್ರದ ಅಡಿಬರಹ ಮಾತ್ರ ಬಾಕಿಯಿದೆ. ಚಿತ್ರದಲ್ಲಿರುವುದು 1985ರಲ್ಲಿ ಯಾರ್ಕ್‌ಷೈರಿನ ಮಿಡಲ್‌ಹ್ಯಾಮ್ ಕೋಟೆಯ ಹತ್ತಿರ ಸಿಕ್ಕ 15ನೆಯ ಶತಮಾನದ ಚಿನ್ನದ ಪದಕ. ವಜ್ರಾಕೃತಿಯ ಆ ಪದಕದ ಮುಂಬದಿಯಲ್ಲಿ ಒಂದು ನೀಲಮಣಿಯಿದೆ, ಅದರ ಕೆಳಗೆ ತ್ರಿಯೇಕ ದೇವರ ಕೆತ್ತನೆಯಿದೆ. ಹಿಂಬದಿಯಲ್ಲಿ ಕ್ರಿಸ್ತಜನನದ ದೃಶ್ಯವಿದೆ. ಹಿಂಬದಿಯ ತಗಡನ್ನು ಜಾರಿಸಿ ತೆರೆದಾಗ, ಮಣ್ಣು ಮತ್ತು ಬೇರಿನ ಎಳೆಗಳ ನಡುವೆ, ಚಿನ್ನದ ನೂಲಿನ ಕಸೂತಿಯಿದ್ದ ರೇಷ್ಮೆಯ ಪುಟ್ಟ ಬಿಲ್ಲೆಗಳು ಸಿಕ್ಕವು.

ಮೂಲದಲ್ಲಿ ಇದನ್ನು ‘ರೆಲಿಕ್ವರಿ ಪೆಂಡೆಂಟ್’ ಎಂದಿದ್ದಾರೆ, ಅಂದರೆ ಸಂತರ ಅವಶೇಷದಂಥ ಪವಿತ್ರ ವಸ್ತುವನ್ನು ಒಳಗಿರಿಸಿ ಕೊರಳಿಗೆ ಧರಿಸುವ ಪದಕ. ನನಗೆ ತೋಚಿದ್ದು ‘ಅವಶೇಷ ಪದಕ’. ಆದರೆ ಹಾಗೆ ಬರೆದರೆ, ಪದಕವೇ ಯಾವುದೋ ಒಡವೆಯ ಅಳಿದುಳಿದ ಚೂರು ಎಂದು ಓದುಗರು ತಿಳಿದಾರು. ದಯವಿಟ್ಟು ಇಂದೇ ಸೂಚಿಸಿ.

ಮರುಓಲೆ 1

‘ಕರಡಿಗೆ’ ಇರುವಾಗ ಹುಡುಕಾಟವೇ ಬೇಕಿಲ್ಲ. ಇಷ್ಟಲಿಂಗವನ್ನು ಒಳಗಿರಿಸಿ ಕೊರಳಿಗೆ ಕಟ್ಟಿಕೊಳ್ಳುವ ಸಂಪುಟಕ್ಕೆ ನಮ್ಮಲ್ಲಿ ತಲೆಮಾರುಗಳಿಂದ ಇರುವ ಹೆಸರು ಅದು. ಪೂಜ್ಯವಾದದ್ದು ಒಳಗೆ, ಲೋಹದ ಹೊದಿಕೆ ಹೊರಗೆ, ಧರಿಸುವುದು ಮೈಮೇಲೆ. ತಾವು ವರ್ಣಿಸಿದ ವಸ್ತುವಿನಲ್ಲಿ ಈ ಮೂರೂ ಇವೆ. ಅದು ಅಚ್ಚಗನ್ನಡದ ಪದವೂ ಹೌದು: ಎರಕದ ಅಚ್ಚಿಗೆ ‘ಕರು’ ಎನ್ನುತ್ತೇವೆ, ಆ ಕರುವಿನಲ್ಲಿ ಅಡಗಿದ್ದು ಕರಡಿಗೆ. ಅವಶೇಷ, ಸ್ಮಾರಕ, ಸಂಪುಟ ಎಂದು ಸಂಸ್ಕೃತದ ಸಾಲ ತರುವ ಅಭ್ಯಾಸವನ್ನು ನಾವು ಬಿಡಬೇಕು. ಸಾಲದ ಪದ ಬಂದಲ್ಲೆಲ್ಲ ಮನೆಯ ಪದವೊಂದು ಮೂಲೆಗೆ ಸೇರುತ್ತದೆ.

ಮರುಓಲೆ 2

ಈ ವ್ಯುತ್ಪತ್ತಿ ನಿಲ್ಲುವುದಿಲ್ಲ. ಕರಡಿಗೆ ಎಂಬುದು ಸಂಸ್ಕೃತದ ‘ಕರಂಡಕ’ದ ತದ್ಭವ. ಅನುಸ್ವಾರ ಬಿದ್ದುಹೋಗಿ ಕಕಾರ ಗಕಾರವಾದ ಬಗೆಯನ್ನು ಈ ಬಳಗದಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಪದ ಎಲ್ಲಿಂದ ಬಂತು ಎಂಬುದಕ್ಕಿಂತ ವಸ್ತು ಏನು ಮಾಡುತ್ತಿತ್ತು ಎಂಬುದು ಮುಖ್ಯ. ಅದೇ ಪದಕದ ಮುಂಬದಿಯ ಅಂಚಿನಲ್ಲಿ, ‘ಇಗೋ ದೇವರ ಕುರಿಮರಿ’ ಎಂಬರ್ಥದ ಲ್ಯಾಟಿನ್ ಪ್ರಾರ್ಥನೆಯ ಕೊನೆಗೆ, ‘ಟೆಟ್ರಾಗ್ರಮಟಾನ್’ ಮತ್ತು ‘ಅನನಿಜಾಪ್ತ’ ಎಂಬ ಎರಡು ಮಾತುಗಳಿವೆ. ಮೊದಲನೆಯದು ದೇವರ ನಾಲ್ಕಕ್ಷರದ ಹೆಸರನ್ನು ಸೂಚಿಸುತ್ತದೆ. ಎರಡನೆಯದನ್ನು ಮೂರ್ಛೆರೋಗ ತಡೆಯುವ ಮಂತ್ರಾಕ್ಷರವಾಗಿ ಮಧ್ಯಯುಗದವರು ಬಳಸುತ್ತಿದ್ದರು. ಧರಿಸಿದವರನ್ನು ಕಾಯುವ ಇಂಥ ಒಡವೆಗೆ ಕನ್ನಡದಲ್ಲಿ ‘ತಾಯಿತ’ ಎನ್ನುತ್ತಾರೆ. ಅದು ಅರಬ್ಬಿ ಮೂಲದ ‘ತಾವೀಜ್’ ಬಳಗದ್ದು ಎಂಬ ಆಕ್ಷೇಪ ಬರುವುದು ಖಚಿತ. ಹಾಗೆ ಆಕ್ಷೇಪಿಸುವವರು ‘ಶಿಲುಬೆ’ಗೆ ಬದಲು ಏನು ಬರೆಯುತ್ತಾರೆಂದು ಮೊದಲು ತಿಳಿಸಲಿ, ಅದೂ ಸಿರಿಯಾಕ್ ಮೂಲದಿಂದ ದಕ್ಷಿಣದ ಭಾಷೆಗಳಿಗೆ ಬಂದ ಪದವೇ.

ಮರುಓಲೆ 1ರವರಿಂದ

ವ್ಯುತ್ಪತ್ತಿಯ ತಿದ್ದುಪಡಿಯನ್ನು ಒಪ್ಪುತ್ತೇನೆ, ತಾಯಿತವನ್ನು ಒಪ್ಪಲಾರೆ. ತದ್ಭವವೆಂದರೆ ನಮ್ಮ ನಾಲಗೆಗೆ ಪಳಗಿದ ಪದ. ತತ್ಸಮವನ್ನು ಹಾಗೆಯೇ ತಂದು ಹೇರುವುದು ಬೇರೆ ಮಾತು. ಶಿಲುಬೆಯೂ ಹೀಗೆ ಪಳಗಿದ್ದರಿಂದಲೇ ಉಳಿದಿದೆ.

ಮರುಓಲೆ 3

ಇಬ್ಬರೂ ಹೆಸರಿನ ಮೂಲದ ಕಡೆಗೆ ಹೊರಳಿದ್ದೀರಿ. ಅನುವಾದಕರ ತೊಡಕು ಬೇರೆ. ಮಣ್ಣಿನಿಂದ ಬಂದ ವಸ್ತುವಿಗೆ ಕೊಡುವ ಹೆಸರೇ ಅದನ್ನು ಗುರುತಿಸಿದಂತೆ. ಆದ್ದರಿಂದ ಸಾಕ್ಷ್ಯ ಹೇಳುವುದಕ್ಕಿಂತ ಹೆಚ್ಚಿನದನ್ನು ಹೆಸರು ಹೇಳಬಾರದು. ಒಳಗೆ ಟೊಳ್ಳು, ಹಿಂಬದಿಯಲ್ಲಿ ಜಾರುವ ತಗಡು ಅಥವಾ ಕೀಲು ಇದ್ದರೆ ಅದು ಏನನ್ನೋ ಇಡಲು ಮಾಡಿದ ಒಡವೆ ಎಂದು ಹೇಳಬಹುದು. ಆಗ ಕರಡಿಗೆ ಸರಿ. ಹಿಂಬದಿ ಗಟ್ಟಿಯಾಗಿದ್ದು ರಕ್ಷೆಯ ಅಕ್ಷರಗಳು ಮಾತ್ರ ಇದ್ದರೆ ತಾಯಿತ ಸರಿ. ಸಂತರ ಚಿತ್ರವಿರುವ ಮುಂಬದಿಯ ತಗಡು ಒಂದೇ ಬಿಡಿಯಾಗಿ ಸಿಕ್ಕಿದ್ದರೆ, ಪದಕದ ತುಣುಕು ಎನ್ನುವುದಕ್ಕಿಂತ ಮುಂದೆ ಹೋಗುವುದು ತಪ್ಪು. ಮಿಡಲ್‌ಹ್ಯಾಮಿನ ಪದಕದಲ್ಲಿ ಎರಡು ಲಕ್ಷಣಗಳೂ ಕೂಡಿರುವುದರಿಂದಲೇ ಈ ಜಗಳ ಹುಟ್ಟಿದೆ.

ಕಾಲದ ಮಾತಿನಲ್ಲಿಯೂ ಇದೇ ಎಚ್ಚರ ಬೇಕು. ಇಂಗ್ಲೆಂಡಿನ ಒಡವೆಗಳಲ್ಲಿ ಸುಮಾರು 14ನೆಯ ಶತಮಾನದ ನಡುವಿನವರೆಗೆ ದುಂಡಗೆ ಉಬ್ಬಿದ ಲೊಂಬಾರ್ಡಿಕ್ ದೊಡ್ಡಕ್ಷರಗಳು ಹೆಚ್ಚು. ಅನಂತರ ಕಡ್ಡಿ ಕಡ್ಡಿಯಾಗಿ ಒತ್ತಾಗಿ ನಿಲ್ಲುವ ಬ್ಲ್ಯಾಕ್ ಲೆಟರ್ ಬರುತ್ತದೆ. 16ನೆಯ ಶತಮಾನದಲ್ಲಿ ರೋಮನ್ ದೊಡ್ಡಕ್ಷರಗಳು ಅದರ ಜಾಗಕ್ಕೆ ಬರುತ್ತವೆ. ಸಂತರ ಚಿತ್ರ ಕೆತ್ತಿದ ಉಂಗುರಗಳು 15ನೆಯ ಶತಮಾನದಲ್ಲಿ ವಿಶೇಷವಾಗಿ ಕಾಣುತ್ತವೆ. ಅನುವಾದದಲ್ಲಿ ಇದನ್ನೆಲ್ಲ ‘ಪ್ರಾಚೀನ’ ಎಂಬ ಒಂದೇ ಪದದಡಿ ಸೇರಿಸಿದರೆ ಲೇಖನದ ತಿರುಳೇ ಹೋಗುತ್ತದೆ. ‘ಮಧ್ಯಯುಗದ’ ಎಂದು ಬರೆದು ಪಕ್ಕದಲ್ಲಿ ಶತಮಾನವನ್ನು ಕೊಡಿ.

ಇನ್ನೊಂದು ಮಾತು. ಲೇಖನದಲ್ಲಿ ‘ಟ್ರೆಷರ್’ ಬಂದಲ್ಲಿ ಕಣ್ಣುಮುಚ್ಚಿ ‘ಸಂಪತ್ತು’ ಎನ್ನಬೇಡಿ. ಅಲ್ಲಿ ಅದು ಕಾನೂನಿನ ಪದ. 1996ರ ಕಾಯಿದೆಯ ಪ್ರಕಾರ, 300 ವರ್ಷಕ್ಕಿಂತ ಹಳೆಯದಾಗಿದ್ದು ತೂಕದಲ್ಲಿ ಕನಿಷ್ಠ ಶೇ. 10ರಷ್ಟು ಚಿನ್ನವೋ ಬೆಳ್ಳಿಯೋ ಇರುವ ಇಂಥ ಒಡವೆ ಸಿಕ್ಕಿದರೆ, 14 ದಿನಗಳೊಳಗೆ ಕಾರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ನಮ್ಮ ಶಾಸನಗಳ ಅಷ್ಟಭೋಗಗಳಲ್ಲಿ, ಅಂದರೆ ದಾನ ಕೊಟ್ಟ ನೆಲದ ಎಂಟು ಬಗೆಯ ಹಕ್ಕುಗಳಲ್ಲಿ, ‘ನಿಧಿ’ ಮತ್ತು ‘ನಿಕ್ಷೇಪ’ ಎರಡೂ ನೆಲದ ಮೇಲಿನ ಹಕ್ಕಿಗೆ ಸೇರಿದ ಪದಗಳಾಗಿಯೇ ಬರುತ್ತವೆ. ಹಕ್ಕಿನ ಆ ಅರ್ಥಛಾಯೆಯಿಂದಾಗಿ ‘ನಿಧಿ’ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ, ಮತ್ತು ಇದು ಸಂಸ್ಕೃತದ್ದೆಂದು ಯಾರೂ ದೂರಬೇಕಾಗಿಲ್ಲ.

ಮರುಓಲೆ 2ರವರಿಂದ

ಅಡಿಬರಹಕ್ಕೆ ಕರಡಿಗೆ ಆಗಬಹುದು. ಅನನಿಜಾಪ್ತದ ವಿವರಣೆ ಬರುವಲ್ಲಿ ತಾಯಿತ ಇರಲೇಬೇಕು.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಡಿಬರಹವನ್ನು ಹೀಗೆ ಕಳುಹಿಸಿದ್ದೇನೆ: ‘ಮಧ್ಯಯುಗದ ಚಿನ್ನದ ಕರಡಿಗೆ ಪದಕ, 15ನೆಯ ಶತಮಾನ. ಹಿಂಬದಿಯ ತಗಡನ್ನು ಜಾರಿಸಿದರೆ ಪವಿತ್ರ ವಸ್ತುವನ್ನು ಇಡುವ ಗೂಡು ಕಾಣುತ್ತದೆ.’ ಅಂಚಿನ ಬರಹದ ಬಗ್ಗೆ ಹೇಳುವ ವಾಕ್ಯದಲ್ಲಿ ‘ತಾಯಿತದಂತೆಯೂ ಧರಿಸುತ್ತಿದ್ದ’ ಎಂದು ಸೇರಿಸಿದ್ದೇನೆ, ಕಾಯಿದೆಯ ಪ್ರಸ್ತಾಪ ಬಂದಲ್ಲೆಲ್ಲ ‘ನಿಧಿ’ ಎಂದು ತಿದ್ದಿದ್ದೇನೆ. ಲೊಂಬಾರ್ಡಿಕ್, ಬ್ಲ್ಯಾಕ್ ಲೆಟರ್ ಎಂಬ ಲಿಪಿಯ ಹೆಸರುಗಳನ್ನು ಇದ್ದಂತೆಯೇ ಉಳಿಸಿ, ಅಕ್ಷರಗಳ ರೂಪವನ್ನು ಮರುಓಲೆ 3ರವರ ಮಾತುಗಳಲ್ಲಿಯೇ ವಿವರಿಸಿದ್ದೇನೆ.