ಅಪ್‌ಡೇಟ್: ಡೆಕ್‌ಗೆ ಪ್ಯಾಡ್, ಬೇಲಿಗೆ ಸ್ಪ್ರೇಯರ್

ಒಹಾಯೋದ ನಮ್ಮ ಮನೆಯ ಡೆಕ್‌ಗೂ (ಮನೆಯ ಹೊರಗಿನ ಮರದ ಹಲಗೆಯ ಜಗಲಿ) ಸೀಡರ್ ಮರದ ಬೇಲಿಗೂ ಸ್ಟೇನ್ (ಮರದೊಳಗೆ ಇಳಿಯೋ ಬಣ್ಣದ ದ್ರವ) ಹಚ್ಚೋಕೆ ಬ್ರಷ್ಷಾ, ರೋಲರಾ, ಸ್ಪ್ರೇಯರಾ ಅಂತ ಕೇಳಿದ್ದೆನಲ್ಲ, ಕೆಲಸ ಮುಗಿಯಿತು. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಡೆಕ್‌ಗೆ ಉದ್ದ ಕೋಲಿನ ಸ್ಟೇನ್ ಪ್ಯಾಡ್ (ಸ್ಟೇನ್ ಹಚ್ಚೋ ಚಪ್ಪಟೆ ಮೆತ್ತೆ) ತಗೊಂಡೆ. ಸೊಂಟ ಉಳಿಯಿತು. ಎರಡೆರಡೇ ಹಲಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಎಳೆಯಬೇಕು. ನಡುವೆ ನಿಲ್ಲಿಸಿದರೆ ಒಣಗಿದ ಅಂಚಿನ ಮೇಲೆ ಮತ್ತೆ ಸ್ಟೇನ್ ಬಿದ್ದು ಗಾಢ ಪಟ್ಟೆ ಮೂಡುತ್ತದೆ. ಸಂದಿಗಳಿಗೆ, ಕಟಕಟೆಗೆ ಮಾತ್ರ ಬ್ರಷ್. ನನ್ನದು ಆಯಿಲ್ ಸ್ಟೇನ್, ಹಾಗಾಗಿ ನ್ಯಾಚುರಲ್ ಬ್ರಿಸಲ್, ಅಂದರೆ ಪ್ರಾಣಿ ಕೂದಲಿನ ಬ್ರಷ್. ವಾಟರ್ ಬೇಸ್ ಆದರೆ ಸಿಂಥೆಟಿಕ್ಕೇ ಸರಿ. ನ್ಯಾಚುರಲ್ ಕೂದಲು ನೀರು ಕುಡಿದು ಮೆತ್ತಗಾಗುತ್ತದೆ.

ಬೇಲಿಗೆ ಪಂಪ್ ಸ್ಪ್ರೇಯರ್, ಅದೇ ಗಿಡಕ್ಕೆ ಔಷಧಿ ಹೊಡೆಯೋ ಥರದ್ದು. ಗಾಳಿ ಇಲ್ಲದ ಬೆಳಿಗ್ಗೆ ನೋಡಿಕೊಂಡು ನಾನು ಹೊಡೆಯುತ್ತಾ ಹೋದೆ, ಹೆಂಡತಿ ಹಿಂದೆಯೇ ಬ್ರಷ್ಷಲ್ಲಿ ತಿಕ್ಕುತ್ತಾ ಬಂದಳು. ತಿಕ್ಕದಿದ್ದರೆ ಮರದೊಳಗೆ ಸರಿಯಾಗಿ ಇಳಿಯದೆ ಸುಮ್ನೆ ಸೋರಿಹೋಗುತ್ತೆ. ರೋಲರ್ ಮುಟ್ಟಲೇ ಇಲ್ಲ, ಒರಟು ಮರದ ಗೀರುಗಳಿಗೆ ಅದು ತಲುಪಲ್ಲ.

ಹಾಂ, ಆಯಿಲ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಗ್ಯಾರೇಜಲ್ಲಿ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ.